ರಾಮೆನ್ನಿಗೆ ತಿರ್ಫಳ

ತಂಗೀ, ಈ ಮಳೆಗಾಲಕ್ಕೆ ಊರಿಗೆ ಬಂದಾಗ ಖಾರದ ಜಪಾನಿ ರಾಮೆನ್ ಮನೆಯಲ್ಲೇ ಮಾಡಿಯೇ ತೀರುವುದು ಎಂದು ಹಟ ಹಿಡಿದು, ಬೆಂಗಳೂರಿನಿಂದ ಏನೇನು ಕಟ್ಟಿ ತರಲಿ ಅಂತ ಉದ್ದದ ಪಟ್ಟಿ ಕಳಿಸಿದ್ದೀಯಲ್ಲ, ಓದಿದೆ. ಅದರಲ್ಲಿ ಮುಕ್ಕಾಲು ಪಾಲನ್ನು ಹೊಡೆದುಹಾಕು. ಒಳ್ಳೆಯ ಸೋಯಾ ಸಾಸ್ ಒಂದು ಬಾಟಲಿ, ಸಿಕ್ಕರೆ ಒಣ ಶಿಟಾಕೆ ಅಣಬೆಯ ಒಂದು ಪೊಟ್ಟಣ, ಇಷ್ಟು ತಂದರೆ ಸಾಕು. ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ನಮ್ಮ ಶಿರವಾಡದಲ್ಲೇ, ಪಂಚಗಂಗಾ ರೈಲಿನಿಂದ ಇಳಿದರೆ ಮನೆ ಹತ್ತಿರ ಎನ್ನುವುದೇನೋ ಸರಿ. ಹಾಗಂತ ಇಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಇರುವುದನ್ನೇ ದುಡ್ಡು ಕೊಟ್ಟು ಅಲ್ಲಿಂದ ಹೊತ್ತು ತರಬೇಕೆ?

ನಾನು ಹೇಳಬೇಕೆಂದಿರುವುದು ಒಂದೇ. ಸಾಮಾನು ನಮ್ಮದಾಗಲಿ, ಕ್ರಮ ಮಾತ್ರ ಅವರದ್ದೇ ಇರಲಿ. ಸಾಮಾನು ಅವರದ್ದೇ ತಂದು ಕ್ರಮ ನಮ್ಮದು ಹಿಡಿದರೆ, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿದರೆ, ಕೊನೆಗೆ ಸಿಗುವುದು ನೂಡಲ್ಸ್ ಬಿದ್ದ ಮೀನಿನ ಹುಮಣ. ಅದೂ ಬಾಯಿಗೆ ಕೆಟ್ಟದ್ದಲ್ಲ ಅನ್ನು, ಆದರೆ ನೀನು ಕೇಳಿದ್ದು ಅದನ್ನಲ್ಲ.

ಮೊದಲು ಯಾವ ರಾಮೆನ್ ಎನ್ನುವುದು ಗಟ್ಟಿಯಾಗಲಿ. ನಿಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಕೆಂಪು-ಕಪ್ಪು ಪೊಟ್ಟಣದಲ್ಲಿ ಬರುವ, ತಿಂದು ಕಣ್ಣೀರು ಸುರಿಸುವ ಪಂದ್ಯ ಕಟ್ಟುವ ಜಾತಿಯಿದೆಯಲ್ಲ, ಅದು ಕೊರಿಯಾದ್ದು. ಜಪಾನಿನ ಅಡುಗೆಗೆ ಮೊದಲಿನಿಂದಲೂ ಖಾರ ಅಷ್ಟಾಗಿ ಒಗ್ಗಿದ್ದಲ್ಲ. ಅವರ ಖಾರದ ನೂಡಲ್ಸ್ ಸಾರುಗಳೆಲ್ಲ ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದವು. ಅವುಗಳಲ್ಲಿ ನಮಗೆ ಹೆಚ್ಚು ಹೊಂದುವುದು ತಾನ್‌ತಾನ್‌ಮೆನ್. ಅದರ ಮೂಲ ಚೀನಾದ ಸಿಚುವಾನ್ ಪ್ರಾಂತ್ಯದ್ದು. ಅಲ್ಲಿ ಅದಕ್ಕೆ ಸಾರಿಲ್ಲ, ಬಟ್ಟಲ ತಳದಲ್ಲಿ ಖಾರದೆಣ್ಣೆ ಇಟ್ಟು ಕಲಸಿ ತಿನ್ನುವುದು. ಸಿಚುವಾನಿನಲ್ಲಿ ಹುಟ್ಟಿದ ಚೆನ್ ಕೆನ್‌ಮಿನ್ ಎಂಬ ಬಾಣಸಿಗ 1952ರಲ್ಲಿ ಜಪಾನಿಗೆ ಬಂದು, 1958ರಲ್ಲಿ ಟೋಕಿಯೋದಲ್ಲಿ ಶಿಸೆನ್ ಹಾಂತೆನ್ ಎಂಬ ಹೋಟೆಲು ತೆರೆದ. ಜಪಾನಿನವರ ನಾಲಿಗೆಗೆ ಆ ಖಾರ ಹೆಚ್ಚು, ಮತ್ತೆ ಅವರಿಗೆ ಬಟ್ಟಲ ತುಂಬ ಸಾರು ಬೇಕು. ಅದಕ್ಕಾಗಿ ಖಾರ ತಗ್ಗಿಸಿದ, ಎಳ್ಳಿನ ಮುದ್ದೆ ಸೇರಿಸಿದ, ಸಾರು ಎರೆದ. ಈಗ ಅದು ಜಪಾನಿನದೇ ಎನ್ನುವಷ್ಟು ಅಲ್ಲಿನ ಊಟವಾಗಿದೆ. ಊರು ಬದಲಾದಾಗ ಬಟ್ಟಲೂ ಬದಲಾಗುವುದು ಅವರಲ್ಲೇ ನಡೆದುಬಂದ ರೂಢಿ. ನೀನು ಶಿರವಾಡದಲ್ಲಿ ಒಂದೆರಡು ಸಾಮಾನು ಬದಲಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಮಿಸೊ, ಅಂದರೆ ಹುಳಿಯಿಸಿದ ಸೋಯಾ ಮುದ್ದೆ, ಹಾಕಿದ ಖಾರದ ಸಾರೂ ಉಂಟು. ಉತ್ತರದ ಸಪ್ಪೊರೊ ಪಟ್ಟಣದಲ್ಲಿ 1950ರ ದಶಕದಲ್ಲಿ ಮಿಸೊ ರಾಮೆನ್ ಶುರುವಾಯಿತು. ಯಮಗಾತ ಕಡೆಯ ಅಕಾಯು ಎಂಬ ಊರಿನಲ್ಲಿ ಬಟ್ಟಲ ನಡುವೆ ಖಾರದ ಕೆಂಪು ಮಿಸೊ ಉಂಡೆಯನ್ನೇ ಇಟ್ಟು ಕೊಡುತ್ತಾರೆ, ಸ್ವಲ್ಪಸ್ವಲ್ಪವೇ ಕರಗಿಸಿಕೊಂಡು ಉಣ್ಣಬೇಕು. ಚೆನ್ನಾಗಿರುತ್ತದೆ. ಆದರೆ ಮಿಸೊ ನಮ್ಮಲ್ಲಿ ಸಿಗುವುದಿಲ್ಲ, ಅದಕ್ಕೆ ಬದಲಿಯಾಗಿ ಹಾಕುವ ವಸ್ತುವೂ ನಮ್ಮಲ್ಲಿಲ್ಲ. ಕೆಲವರು ಕಡಲೆಹಿಟ್ಟು ಹುರಿದು ಹಾಕಿ ಅಂತ ಹೇಳುತ್ತಾರೆ, ಅವರ ಮಾತು ಕೇಳಬೇಡ. ಎಳ್ಳಾದರೆ ನಮ್ಮ ಡಬ್ಬಿಯಲ್ಲೇ ಇದೆ.

ಇನ್ನು ಸಾರಿನ ತಳಪಾಯ. ಖಾರ ಎಷ್ಟೇ ಹಾಕು, ಅದರ ಕೆಳಗೆ ರುಚಿ ಇಲ್ಲದಿದ್ದರೆ ಬರೀ ಉರಿ. ಆ ರುಚಿ ಎಲ್ಲಿಂದ ಬರುತ್ತದೆ ಎಂದು ಜಪಾನಿನವರು ಕೂತು ಲೆಕ್ಕ ಹಾಕಿದ್ದಾರೆ. 1908ರಲ್ಲಿ ಕಿಕುನೆ ಇಕೆದ ಎಂಬ ರಸಾಯನ ವಿಜ್ಞಾನಿ ಕೊಂಬು ಎಂಬ ಕಡಲಪಾಚಿಯ ರಸದಿಂದ ಗ್ಲುಟಮೇಟ್ ತೆಗೆದು, ಸಿಹಿ, ಹುಳಿ, ಉಪ್ಪು, ಕಹಿಗಳ ಆಚೆ ಇನ್ನೊಂದು ರುಚಿ ಇದೆ ಎಂದು ತೋರಿಸಿ ಅದನ್ನು ಉಮಾಮಿ ಎಂದ. ಅವನ ಶಿಷ್ಯ ಶಿಂತಾರೊ ಕೊದಾಮ 1913ರಲ್ಲಿ ಒಣಗಿಸಿದ ಮೀನಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದನ್ನು ಕಂಡ. ಒಣ ಶಿಟಾಕೆಯಲ್ಲಿ ಇರುವುದು ಗ್ವಾನಿಲೇಟ್. ಇವು ಬಿಡಿಬಿಡಿಯಾಗಿ ಇದ್ದಾಗ ಸಾಧಾರಣ. ಮೊದಲನೆಯದು ಉಳಿದೆರಡರಲ್ಲಿ ಒಂದರ ಜೊತೆ ಸೇರಿದರೂ ರುಚಿ ಹಲವು ಪಟ್ಟು ಏರುತ್ತದೆ. ಅಜಿನೊಮೊಟೊ ಅಂದರೆ ಮೂಗು ಮುರಿಯುತ್ತೀರಲ್ಲ, ಅದೂ ಇಕೆದ ಕಂಡದ್ದರಿಂದಲೇ 1909ರಲ್ಲಿ ಮಾರುಕಟ್ಟೆಗೆ ಬಂದ ಪುಡಿ. ಅದೇನೂ ವಿಷವಲ್ಲ, ಆದರೆ ಒಣಮೀನಿನ ಊರಲ್ಲಿ ಕೂತು ಪುಡಿ ಯಾಕೆ ಹುಡುಕಬೇಕು?

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಹಸಿಮೀನು ಕಡಿಮೆ. ಆಗ ನಮ್ಮ ಕಡೆ ಹೊಟ್ಟೆಗೆ ಆಧಾರ ಒಣಮೀನು, ನೀನು ಬರುವುದೂ ಅದೇ ಹೊತ್ತಿಗೆ. ಜಪಾನಿನವರು ಸಣ್ಣ ಬೂತಾಯಿ, ಕೊಳ್ಳತರು ಜಾತಿಯ ಮೀನುಗಳನ್ನು ಬೇಯಿಸಿ ಒಣಗಿಸಿ ನಿಬೊಶಿ ಮಾಡುತ್ತಾರೆ. ಉತ್ತರದ ಅವೊಮೊರಿ ಕಡೆ ಬರೀ ನಿಬೊಶಿ ಸಾರಿನ ರಾಮೆನ್ನಿಗೇ ದೊಡ್ಡ ಹೆಸರು. ಕಾರವಾರದ ಭಾನುವಾರದ ಸಂತೆಯಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಹೋಗು. ಉಪ್ಪು ಹಾಕದೆ ಒಣಗಿಸಿದ ಸಣ್ಣ ಕೊಳ್ಳತರು ಕೇಳು. ಉಪ್ಪು ಹಾಕಿದ ಬಂಗಡೆ ಬೇಡ, ಅದರ ಉಪ್ಪನ್ನು ಎಷ್ಟು ತೊಳೆದರೂ ಸಾರು ನಿನ್ನ ಹತೋಟಿಯಲ್ಲಿ ಇರುವುದಿಲ್ಲ. ಜೊತೆಗೆ ಒಂದು ಹಿಡಿ ಒಣ ಸುಂಗಟ, ಅಂದರೆ ಸಿಗಡಿ, ನಾವು ಕಿಸ್ಮೂರಿಗೆ ಹಾಕುತ್ತೇವಲ್ಲ, ಅದೇ. ಮೀನು ಮುರಿದಾಗ ಟಕ್ ಅನ್ನಬೇಕು. ಬಾಗಿದರೆ ತೇವ ಕುಡಿದಿದೆ ಎಂದರ್ಥ. ಮೈಮೇಲೆ ಗುಲಾಬಿ ಬಣ್ಣ ಕಂಡರೆ ಮುಟ್ಟಬೇಡ, ಅದು ಕೆಟ್ಟ ಗುರುತು. ಮರಳ ಮೇಲೆ ಒಣಗಿಸಿದ್ದೋ ಚಾಪೆ, ಬಲೆ ಹಾಸಿ ಒಣಗಿಸಿದ್ದೋ ಎಂದು ಕೇಳಲು ನಾಚಬೇಡ. ಮಾರುವವರಿಗೇ ಎಲ್ಲ ಗೊತ್ತಿರುತ್ತದೆ, ಕೇಳಿದವರಿಗೆ ಒಳ್ಳೆಯದನ್ನೇ ತೆಗೆದುಕೊಡುತ್ತಾರೆ.

ಇಬ್ಬರಿಗೆ ಆಗುವ ಲೆಕ್ಕ ಹೇಳುತ್ತೇನೆ. 20 ಗ್ರಾಂ ಒಣ ಕೊಳ್ಳತರಿನ ತಲೆ ಮತ್ತು ಹೊಟ್ಟೆಯ ಕಪ್ಪು ಭಾಗ ತೆಗೆ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಸಾರು ಕಹಿ. ಮರಳು ಹೋಗುವಂತೆ ಬೇಗ ಒಮ್ಮೆ ತೊಳೆದು, ಒರೆಸಿ, ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿ ಮಾಡು. 10 ಗ್ರಾಂ ಒಣ ಸುಂಗಟ ಸೇರಿಸಿ ಅರ್ಧ ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಹಾಕು. ಬೆಳಿಗ್ಗೆ ನಿಧಾನವಾಗಿ ಕಾಯಿಸು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿದಾಗ ಉರಿ ತಗ್ಗಿಸಿ, ಕುದಿ ಬಾರದಂತೆ ಹತ್ತು ನಿಮಿಷ ಇಟ್ಟು ಸೋಸು. ನಮ್ಮ ಕೈ ಇಲ್ಲಿ ಸುಮ್ಮನಿರುವುದಿಲ್ಲ, ಮೀನು ಅಂದರೆ ಕುದಿಸಬೇಕು ಅನ್ನಿಸುತ್ತದೆ. ಕುದಿಸಿದೆಯೋ, ಮನೆಯೆಲ್ಲ ವಾಸನೆ, ಸಾರಿನಲ್ಲಿ ಒಗರು.

ಇನ್ನೊಂದು ಪಾತ್ರೆಯಲ್ಲಿ ಕೋಳಿಯ ಸಾರು. ಅರ್ಧ ಕಿಲೋ ಎಲುಬು, ರೆಕ್ಕೆ, ಕುತ್ತಿಗೆ ಕೇಳಿ ತಾ. ಕಾಲು ಸಿಕ್ಕರೆ ಬಿಡಬೇಡ, ಸಾರಿಗೆ ಮೈ ಬರುವುದು ಅದರಿಂದ. ಒಂದು ಕುದಿ ಕುದಿಸಿ ಆ ನೀರು ಚೆಲ್ಲು, ಎಲುಬು ತೊಳೆ, ಒಂದೂವರೆ ಲೀಟರ್ ಹೊಸ ನೀರು, ನಾಲ್ಕು ಬಿಲ್ಲೆ ಶುಂಠಿ, ಕೆಲವು ಎಸಳು ಬೆಳ್ಳುಳ್ಳಿ ಹಾಕಿ ಎರಡು-ಎರಡೂವರೆ ತಾಸು ಸಣ್ಣ ಉರಿ. ಗ್ಯಾಸಿಗೆ ಕನಿಕರ ತೋರಿಸಬೇಕೆಂದಿದ್ದರೆ ಕುಕ್ಕರಿನಲ್ಲಿ ಮುಕ್ಕಾಲು ತಾಸು. ಅರಿಸಿನ ಹಾಕಬೇಡ, ಕೊತ್ತಂಬರಿ ಬೀಜ ಹಾಕಬೇಡ, ಉಪ್ಪೂ ಹಾಕಬೇಡ. ಬಟ್ಟಲಿಗೆ ಬೇಕಾಗುವ ಸಾರು ಸುಮಾರು 350 ಮಿಲಿಲೀಟರ್. ಅದರಲ್ಲಿ 200 ಕೋಳಿಯದ್ದು, 150 ಮೀನಿನದ್ದು. ಮೀನು ಹೆಚ್ಚು ಬೇಕೆನಿಸುವುದು ನಮ್ಮ ಹುಟ್ಟುಗುಣ, ಮೊದಲ ಸಲವಾದರೂ ಈ ಅಳತೆ ಮೀರಬೇಡ.

ಉಪ್ಪು ಹಾಕಬೇಡ ಎಂದೆನಲ್ಲ, ಅದೇ ಇಡೀ ವಿದ್ಯೆಯ ಗುಟ್ಟು. ಅವರ ಕ್ರಮದಲ್ಲಿ ಸಾರು ಸಪ್ಪೆಯೇ ಇರಬೇಕು. ಉಪ್ಪು, ಹುಳಿ, ಎಳ್ಳು ಸೇರಿದ ಗಟ್ಟಿ ರಸವನ್ನು, ಅದಕ್ಕೆ ತಾರೆ ಎನ್ನುತ್ತಾರೆ, ಬಟ್ಟಲ ತಳಕ್ಕೆ ಹಾಕಿ ಮೇಲೆ ಬಿಸಿ ಸಾರು ಎರೆಯುವುದು. ಎಣ್ಣೆ ಬೇರೆ, ನೂಡಲ್ಸ್ ಬೇರೆ, ಮೇಲೋಗರ ಬೇರೆ. ಎಲ್ಲವೂ ಭೇಟಿಯಾಗುವುದು ಬಡಿಸುವ ಹೊತ್ತಿಗೆ ಮಾತ್ರ. ನಮ್ಮ ಪದ್ಧತಿ ಇದಕ್ಕೆ ತಿರುಗುಮುರುಗು. ಮಸಾಲೆ, ಹುಳಿ, ಉಪ್ಪು, ಮೀನು ಕೂಡಿ ಕುದಿದಷ್ಟೂ ಮರುದಿನಕ್ಕೆ ರುಚಿ. ಎರಡೂ ಸರಿ. ಬೆರೆಸಿದರೆ ಮಾತ್ರ ಎರಡೂ ಕೆಡುತ್ತವೆ.

ಒಂದು ಬಟ್ಟಲಿನ ತಾರೆಗೆ ಸೋಯಾ ಸಾಸ್ ಒಂದೂವರೆ ದೊಡ್ಡ ಚಮಚ, ಬಿಳಿ ಎಳ್ಳಿನ ಮುದ್ದೆ ಎರಡು ದೊಡ್ಡ ಚಮಚ, ವಿನೆಗರ್ ಅರ್ಧ ಸಣ್ಣ ಚಮಚ, ಸಕ್ಕರೆ ಒಂದು ಚಿಟಿಕೆ. ಗೋವಾದ ಕಡೆಯ ತೆಂಗಿನ ಕಳ್ಳಿನ ವಿನೆಗರ್ ಮನೆಯಲ್ಲಿದ್ದರೆ ಅದೇ ಚೆನ್ನ. ಮುರುಗಲ ಹುಳಿ ಬೇಡ, ಬಣ್ಣ ಕೆಡುತ್ತದೆ. ಎಳ್ಳನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದು, ಬಿಸಿ ಇರುವಾಗಲೇ ಸ್ವಲ್ಪ ಎಣ್ಣೆ ಬಿಟ್ಟು ಮಿಕ್ಸಿಯಲ್ಲಿ ತಿರುವಿದರೆ ಮುದ್ದೆಯಾಗುತ್ತದೆ. ಲೆಕ್ಕ ಬೇಕಾದರೆ ಕೇಳು: ಉಣ್ಣುವಾಗ ಸಾರಿನ ಉಪ್ಪು ನೂರಕ್ಕೆ ಒಂದೂಕಾಲು-ಒಂದೂವರೆ ಪಾಲು ಇರಬೇಕು, ಅಂದರೆ ಬಟ್ಟಲಿಗೆ ಹತ್ತಿರಹತ್ತಿರ 5 ಗ್ರಾಂ. ಸೋಯಾ ಸಾಸಿನ ಒಂದು ದೊಡ್ಡ ಚಮಚದಲ್ಲೇ ಮೂರು ಗ್ರಾಂಗೆ ಸ್ವಲ್ಪ ಕಡಿಮೆ ಉಪ್ಪಿರುತ್ತದೆ. ಉಳಿದದ್ದಕ್ಕೆ ಸಾಣಿಕಟ್ಟೆಯ ಕಲ್ಲುಪ್ಪು ಪುಡಿ ಮಾಡಿ ಒಂದು ಚಿಟಿಕೆ ಹಾಕು. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ನಡೆಸಿದ ಅಂಕೋಲೆಯ ಪಕ್ಕದವರು ನಾವು. ಹಿಮಾಲಯದ ಗುಲಾಬಿ ಉಪ್ಪು ನಿನ್ನ ಪಟ್ಟಿಯಲ್ಲಿ ಕಂಡಾಗ ನನಗೆ ನಗುವೇ ಬಂತು.

ಈಗ ಖಾರದೆಣ್ಣೆ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದಲೇ ಅವರು ಖಾರವನ್ನು ಸಾರಿಗೆ ಕುದಿಸದೆ ಎಣ್ಣೆಯಲ್ಲಿ ಇಳಿಸಿ ಮೇಲೆ ತೇಲಿಬಿಡುತ್ತಾರೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಉರಿಗೆ. ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು. ಬೀಜ ಉದುರಿಸಿ, ತರಿತರಿಯಾಗಿ ಪುಡಿ ಮಾಡು. ನಾಲ್ಕು ದೊಡ್ಡ ಚಮಚ ಪುಡಿಗೆ ಒಂದು ಸಣ್ಣ ಚಮಚ ನೀರು ಚಿಮುಕಿಸಿ ತೇವ ಮಾಡಿಡು, ಆಗ ಬಿಸಿ ಎಣ್ಣೆ ಬಿದ್ದರೂ ಸುಡುವುದಿಲ್ಲ. 100 ಮಿಲಿಲೀಟರ್ ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಗಿಡದ ಬಿಳಿ ಭಾಗ, ಒಂದು ತುಂಡು ದಾಲ್ಚಿನ್ನಿ ಹಾಕಿ ಕಂದುಬಣ್ಣಕ್ಕೆ ತಿರುಗುವವರೆಗೆ ಸಣ್ಣ ಉರಿಯಲ್ಲಿ ಇಟ್ಟು ಎಲ್ಲವನ್ನೂ ಎತ್ತಿಹಾಕು. ಎಣ್ಣೆಗೆ ಒಂದು ಚಿಟಿಕೆ ಪುಡಿ ಬಿಟ್ಟರೆ ಮೆಲ್ಲಗೆ ನೊರೆಯೇಳಬೇಕು, ಕಪ್ಪಾದರೆ ಎಣ್ಣೆ ಆರಲಿ. ಎಣ್ಣೆಯನ್ನು ಪುಡಿಯ ಮೇಲೆ ಮೂರು ಸಲಕ್ಕೆ ಸುರಿದು ಕಲಕು. ಸೇಂಗಾ ಎಣ್ಣೆಗೆ ಸ್ವಲ್ಪ ಎಳ್ಳೆಣ್ಣೆ ಕೂಡಿಸಿದರೆ ಸರಿ. ನಮ್ಮ ಎಳ್ಳೆಣ್ಣೆ ಹಸಿ ಎಳ್ಳಿನದು, ಅವರದ್ದು ಹುರಿದ ಎಳ್ಳಿನದು, ಆ ಪರಿಮಳ ಬೇಕಿದ್ದರೆ ಒಂದು ಚಮಚ ಹುರಿದ ಎಳ್ಳನ್ನು ಪುಡಿಯ ಜೊತೆಗೇ ಇಡು. ತೆಂಗಿನೆಣ್ಣೆ ಬೇಡ.

ಎಣ್ಣೆ ಸುರಿಯುವ ಮೊದಲು ಆ ಪುಡಿಗೆ ಸೇರಬೇಕಾದ ಇನ್ನೊಂದು ವಸ್ತುವಿದೆ, ಈ ಕಾಗದ ಬರೆಯಲು ಕೂತದ್ದೇ ಅದಕ್ಕಾಗಿ. ನಿನ್ನ ಪಟ್ಟಿಯಲ್ಲಿ ಸಿಚುವಾನ್ ಮೆಣಸು ಅಂತ ಇದೆ, ಬೆಲೆಯನ್ನೂ ಬರೆದಿದ್ದೀ. ಅದು ಕಾಳುಮೆಣಸೂ ಅಲ್ಲ, ಮೆಣಸಿನಕಾಯಿಯೂ ಅಲ್ಲ. ಜಾಂತೊಕ್ಸೈಲಂ ಎಂಬ ಕುಲದ ಮುಳ್ಳುಮರದ ಕಾಯಿಯ ಸಿಪ್ಪೆ. ಜಪಾನಿನವರು ಸುಟ್ಟ ಹಾವುಮೀನಿನ ಮೇಲೆ ಉದುರಿಸುವ ಸಾನ್ಶೊ ಅದೇ ಕುಲದ್ದು. ನಾವು ಬಂಗಡೆ ಹುಮಣಕ್ಕೆ ಕೊನೆಯಲ್ಲಿ ಜಜ್ಜಿ ಹಾಕುವ ತಿರ್ಫಳವೂ ಅದೇ ಕುಲದ್ದು! ಘಟ್ಟದ ಮೇಲೆ ಜುಮ್ಮಿನಕಾಯಿ ಎನ್ನುತ್ತಾರೆ. ಮುಳ್ಳುಮುಳ್ಳಾದ ಕಾಂಡದ ಆ ಮರ ನಮ್ಮ ಕಾಡಂಚಿನಲ್ಲೇ ಬೆಳೆಯುತ್ತದೆ. ಕಾಯಿ ಒಣಗಿ ಬಾಯಿ ಬಿಟ್ಟಾಗ ಒಳಗಿನ ಕರಿ ಬೀಜ ಉದುರುತ್ತದೆ, ಉಳಿದ ಸಿಪ್ಪೆಯೇ ನಮಗೆ ಬೇಕಾದದ್ದು. ಡಬ್ಬಿ ಅಟ್ಟದ ಮೇಲಿದೆ, ಮುಚ್ಚಳ ತೆಗೆದರೆ ಕಿತ್ತಳೆ ಸಿಪ್ಪೆಯ ಹಾಗೆ ಮೂಗಿಗೆ ಬಡಿಯುತ್ತದೆ.

ಸಿಚುವಾನಿನದು, ನಮ್ಮದು, ಜಪಾನಿನದು ಮೂರೂ ದಾಯಾದಿಗಳೇ ಹೊರತು ಒಂದೇ ಅಲ್ಲ. ಸಿಚುವಾನಿನದರಲ್ಲಿ ನಾಲಿಗೆ ಮರಗಟ್ಟುವ ಗುಣ ಮುಂದು. ನಮ್ಮದರಲ್ಲಿ ಕಾಡಿನ ಗಮ ಮುಂದು, ಜುಮ್ಮೆನ್ನುವುದು ಹಿಂದಿನಿಂದ ಬರುತ್ತದೆ. ಹಾಗಾಗಿ ಅಳತೆ ಬೇರೆ. ಬೀಜ ಪೂರ್ತಿ ತೆಗೆ, ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಎರಡು ಬಟ್ಟಲಿಗೆ ಆರು ಸಿಪ್ಪೆ ಸಾಕು. ಬಿಸಿ ಬಾಣಲೆಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿ, ಕಲ್ಲಿನಲ್ಲಿ ಕುಟ್ಟಿ, ಮೂರರದ್ದನ್ನು ಎಣ್ಣೆಯ ಪುಡಿಗೆ ಸೇರಿಸು, ಮೂರರದ್ದನ್ನು ಬಡಿಸುವಾಗ ಮೇಲೆ ಉದುರಿಸು. ಸಾರಿನಲ್ಲಿ ಕುದಿಸಬೇಡ, ಪರಿಮಳ ಹಾರಿ ಕಹಿ ಉಳಿಯುತ್ತದೆ. ಹುಮಣಕ್ಕೂ ಅದನ್ನು ಕಡೆಗೇ ಹಾಕುತ್ತೇವಲ್ಲ, ಅಷ್ಟು ನೆನಪಿಟ್ಟರೆ ಸಾಕು. ಕೋಳಿಗೆ ತಿರ್ಫಳ ಯಾರಾದರೂ ಹಾಕುತ್ತಾರೆಯೇ ಎಂದು ಅಡುಗೆಮನೆಯ ಬಾಗಿಲಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾರಿನಲ್ಲಿ ಮೀನೂ ಇದೆ ಅಂತ ಹೇಳಿಬಿಡು.

ಬಾಗಿಲಲ್ಲಿ ನಿಂತವರ ಎರಡನೇ ಪ್ರಶ್ನೆ ತೆಂಗಿನಕಾಯಿಯದ್ದು. ಕಾಯಿ ತುರಿಯದೆ ಅಡುಗೆ ಶುರುವಾಗದ ಊರು ನಮ್ಮದು. ಎಳ್ಳಿನ ಬದಲು ಕಾಯಿಹಾಲು ಎರೆದರೆ ಏನಾಗುತ್ತದೆ ಎನ್ನುತ್ತಾರೆ. ಏನೂ ಆಗುವುದಿಲ್ಲ, ಮಲೇಶಿಯಾದ ಲಕ್ಸಾ ಆಗುತ್ತದೆ. ಒಂದಿಷ್ಟೂ ಜಗ್ಗಬೇಡ. ಬೇಕಾದರೆ ಊಟದ ಕೊನೆಗೆ ಕಾಯಿಹಾಲಿನ ಸೋಲ್ಕಡಿ ಮಾಡೋಣ ಎಂದು ಸಮಾಧಾನ ಹೇಳು. ಖಾರಕ್ಕೆ ನೀರಿಗಿಂತ ಕಾಯಿಹಾಲೇ ಮದ್ದು.

ನೂಡಲ್ಸಿನ ವಿಷಯದಲ್ಲಿ ನಾನು ನಿನ್ನಷ್ಟು ಕಟ್ಟುನಿಟ್ಟಿಲ್ಲ. ರಾಮೆನ್ ಎಳೆಗೆ ಆ ಹಳದಿ ಬಣ್ಣ, ಜಗಿದಾಗ ಪುಟಿಯುವ ಗುಣ ಬರುವುದು ಮೊಟ್ಟೆಯಿಂದ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಕ್ಷಾರದಿಂದ. ಅವರು ಕಾನ್ಸುಯಿ ಎಂಬ ಕ್ಷಾರದ ನೀರು ಹಾಕುತ್ತಾರೆ. ನಾವು ಉದ್ದಿನ ಹಪ್ಪಳಕ್ಕೆ ಹಾಕುವ ಹಪ್ಪಳಖಾರವೂ ಕ್ಷಾರವೇ, ಆದರೆ ಒಂದೊಂದು ಅಂಗಡಿಯದ್ದು ಒಂದೊಂದು ಹದ, ಅಳತೆ ನಂಬಲಾಗದು. ಅಡುಗೆ ಸೋಡಾವನ್ನು ಕಬ್ಬಿಣ ಅಥವಾ ಸ್ಟೀಲಿನ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಇಪ್ಪತ್ತು-ಇಪ್ಪತ್ತೈದು ನಿಮಿಷ ಹುರಿ. ಒಳಗಿನ ನೀರು, ಗಾಳಿ ಹೋಗಿ ತೂಕ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿಯುತ್ತದೆ, ಉಳಿದದ್ದು ತೀಕ್ಷ್ಣವಾದ ಕ್ಷಾರ. ಅಲ್ಯೂಮಿನಿಯಂ ಪಾತ್ರೆ ಬೇಡ, ಬರಿಗೈಯಲ್ಲಿ ಮುಟ್ಟುವುದೂ ಬೇಡ. 200 ಗ್ರಾಂ ಮೈದಾಕ್ಕೆ ಈ ಪುಡಿ 2 ಗ್ರಾಂ, ಉಪ್ಪು 2 ಗ್ರಾಂ, ನೀರು 80 ಮಿಲಿಲೀಟರ್. ಹಿಟ್ಟು ಚಪಾತಿಯ ಹದಕ್ಕೆ ಬರುವುದಿಲ್ಲ, ಪುಡಿಪುಡಿಯಾಗೇ ಇರುತ್ತದೆ. ಹೆದರಿ ನೀರು ಹಾಕಬೇಡ. ಮುಚ್ಚಿ ಒಂದು ತಾಸು ಬಿಟ್ಟು, ಒತ್ತಿ, ಮಡಚಿ, ಲಟ್ಟಿಸಿ, ಸಣ್ಣಗೆ ಕತ್ತರಿಸು. ತೋಳಿನಲ್ಲಿ ಬಲ ಇದ್ದರೆ ಮಾತ್ರ ಈ ಸಾಹಸ.

ಇಲ್ಲದಿದ್ದರೆ ಪೊಟ್ಟಣದ್ದೇ ಸಾಕು, ಅದರಲ್ಲಿ ಅವಮಾನವಿಲ್ಲ. ಕರಿದು ಒಣಗಿಸಿದ ನೂಡಲ್ಸನ್ನು 1958ರಲ್ಲಿ ಮಾರುಕಟ್ಟೆಗೆ ತಂದವನು ಮೊಮೊಫುಕು ಆಂದೊ, ಅದೂ ಜಪಾನಿನಲ್ಲೇ. ನಮ್ಮ ದೇಶಕ್ಕೆ ಮ್ಯಾಗಿ ಬಂದದ್ದು 1983ರಲ್ಲಿ. ಆ ಬಿಲ್ಲೆಯನ್ನು ತೆಗೆದುಕೊಂಡು ಮಸಾಲೆ ಪುಡಿಯನ್ನು ಬದಿಗಿಡು. ಪೇಟೆಯಲ್ಲಿ ಸಿಗುವ ಹಕ್ಕಾ ನೂಡಲ್ಸೂ ಆದೀತು. ಅದನ್ನು ಬೇಯಿಸುವ ನೀರಿಗೆ ಲೀಟರಿಗೆ ಎರಡು ಸಣ್ಣ ಚಮಚ ಅಡುಗೆ ಸೋಡಾ ಹಾಕಿದರೆ ಕ್ಷಾರದ ಗುಣ ಸ್ವಲ್ಪ ಬರುತ್ತದೆ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇಡು. ಒತ್ತುಶ್ಯಾವಿಗೆ ಮಾತ್ರ ಬೇಡ. ಅಕ್ಕಿಯ ಎಳೆ ಬಿಸಿ ಸಾರಿನಲ್ಲಿ ತುಂಡಾಗಿ ಪೇಜದಂತೆ ಗಂಜಿಯಾಗುತ್ತದೆ, ಅದಕ್ಕೆ ಸಿಹಿ ಕಾಯಿಹಾಲೇ ಜೋಡಿ.

ಮೇಲೋಗರಕ್ಕೆ 150 ಗ್ರಾಂ ಕೋಳಿ ಖೀಮಾ, ಶುಂಠಿ-ಬೆಳ್ಳುಳ್ಳಿ, ಒಂದು ಚಮಚ ಸೋಯಾ ಸಾಸ್. ನೀರು ಪೂರ್ತಿ ಆರಿ ಅಂಚು ಗರಿಯಾಗುವ ತನಕ ಹುರಿ. ಹೊಳೆಯ ಸುಂಗಟ ಸಿಕ್ಕಿದರೆ ಖೀಮಾ ಮರೆತುಬಿಡು. ಸೊಪ್ಪಿಗೆ ಹರಿವೆ ಇದೆ, ಕುದಿನೀರಿನಲ್ಲಿ ಅದ್ದಿ ಹಿಂಡು. ಮೊಟ್ಟೆಯನ್ನು ಕುದಿಯುವ ನೀರಿಗೆ ಬಿಟ್ಟು ಆರೂವರೆ-ಏಳು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿದರೆ ನಡುವೆ ಇನ್ನೂ ತೇವವಿರುತ್ತದೆ.

ರಾಮೆನ್ ಬಟ್ಟಲಿನಲ್ಲಿ ಕಂದು ಬಣ್ಣದ ಪಟ್ಟಿಗಳು ಇರುತ್ತವಲ್ಲ, ಮೆನ್ಮಾ, ಅದು ಹುಳಿಯಿಸಿ ಒಣಗಿಸಿದ ಬಿದಿರಿನ ಮೊಳಕೆ. ನಮ್ಮ ಕಳಲೆ! ಮಳೆಗಾಲದ ಕಳಲೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟ ಭರಣಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ತೆಳ್ಳಗೆ ಸೀಳಿ, ಉಪ್ಪು ಹೋಗುವಂತೆ ನೆನೆಸಿ, ಎಣ್ಣೆಯಲ್ಲಿ ಹುರಿದು ಸೋಯಾ ಸಾಸ್, ಸ್ವಲ್ಪ ಬೆಲ್ಲ ಹಾಕಿ ಒಣಗಿಸಿದರೆ ಪೊಟ್ಟಣದ ಮೆನ್ಮಾಕ್ಕಿಂತ ರುಚಿ. ಹಸಿ ಕಳಲೆ ಸಿಕ್ಕಿದರೆ ಆತುರ ಪಡಬೇಡ. ಅದರಲ್ಲಿ ಸಯನೈಡಿನ ಜಾತಿಯ ವಿಷಾಂಶವಿದೆ. ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸುತ್ತ ಎರಡು-ಮೂರು ದಿನ ಬಿಟ್ಟು, ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ನಮ್ಮ ಹಿರಿಯರಿಗೆ ರಸಾಯನದ ಹೆಸರು ತಿಳಿದಿರಲಿಲ್ಲ, ನೀರು ಬದಲಿಸುವುದು ತಿಳಿದಿತ್ತು.

ನಿನ್ನ ಗೆಳತಿ ಶುದ್ಧ ಸಸ್ಯಾಹಾರಿ ಎಂದಿದ್ದೀ. ಅವಳ ಬಟ್ಟಲಿಗೆ ಮೀನಿನ ನೀರನ್ನು ಸೋಸಿ ಕೊಟ್ಟು ತರಕಾರಿಯದು ಎನ್ನುವ ಕಳ್ಳತನ ಬೇಡ. ಆರೇಳು ಒಣ ಶಿಟಾಕೆಯನ್ನು ರಾತ್ರಿ ತಣ್ಣೀರಲ್ಲಿ ನೆನೆಹಾಕು, ಎರಡು ಟೊಮೆಟೊವನ್ನು ಸಿಪ್ಪೆ ಕಪ್ಪಾಗುವಂತೆ ಸುಟ್ಟು ಹಿಂಡು, ಸಿಹಿಯಿಲ್ಲದ ಸೋಯಾ ಹಾಲು ಅರ್ಧ ಲೋಟ ಸೇರಿಸು. ಟೊಮೆಟೊದಲ್ಲಿ ಗ್ಲುಟಮೇಟ್, ಅಣಬೆಯಲ್ಲಿ ಗ್ವಾನಿಲೇಟ್, ಜೋಡಿ ಕೂಡಿತು. ಎಳ್ಳು, ಖಾರದೆಣ್ಣೆ, ತಿರ್ಫಳ ಎಲ್ಲ ಅವಳಿಗೂ ಸಲ್ಲುತ್ತವೆ. ಮಳೆಗೆ ಎದ್ದ ಕಾಡಣಬೆಯನ್ನು ಮಾತ್ರ, ಗುರುತು ಬಲ್ಲ ಹಿರಿಯರು ಕೈಯಲ್ಲಿಟ್ಟು ಕೊಡದ ಹೊರತು, ಮುಟ್ಟಬೇಡ.

ಬಡಿಸುವುದು ಹೀಗೆ. ಬಟ್ಟಲಿಗೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲು. ತಳಕ್ಕೆ ತಾರೆ, ಎರಡು ಚಮಚ ಖಾರದೆಣ್ಣೆ. ಎರಡೂ ಸಾರು ಬೆರೆಸಿ ಕುದಿ ಬಂದ ತಕ್ಷಣ ಎರೆದು ಚೆನ್ನಾಗಿ ಕದಡು, ಎಳ್ಳು ಒಡೆಯದಂತೆ. ನೂಡಲ್ಸ್ ಅಷ್ಟರಲ್ಲಿ ಬೆಂದಿರಬೇಕು. ಮನೆಯಲ್ಲಿ ಮಾಡಿದ್ದಕ್ಕೆ ಎರಡು ನಿಮಿಷ ಸಾಕು. ನೀರು ಜಾಡಿಸಿ ಹಾಕು, ಮೇಲೆ ಖೀಮಾ, ಕಳಲೆ, ಸೊಪ್ಪು, ಅರ್ಧ ಮೊಟ್ಟೆ, ಕುಟ್ಟಿದ ತಿರ್ಫಳ. ಸಾರಿಗಾಗಿ ನೂಡಲ್ಸ್ ಕಾಯಬಾರದು, ನೂಡಲ್ಸಿಗಾಗಿ ಉಣ್ಣುವವರು ಕಾಯಬಹುದು.

ನಮ್ಮ ಮನೆಯಲ್ಲಿ ತೊಡಕಾಗುವುದೇ ಇಲ್ಲಿ. ಎಲ್ಲರೂ ಕೂತು, ಎಲ್ಲರಿಗೂ ಬಡಿಸಿಯಾದ ಮೇಲೆ ಕೈ ಹಾಕುವುದು ನಮ್ಮ ಮರ್ಯಾದೆ. ರಾಮೆನ್ನಿಗೆ ಆ ಮರ್ಯಾದೆ ಆಗಿಬರುವುದಿಲ್ಲ. ಹತ್ತು ನಿಮಿಷ ಇಟ್ಟರೆ ಎಳೆ ಸಾರು ಕುಡಿದು ಊದಿಕೊಳ್ಳುತ್ತದೆ. ಇಬ್ಬಿಬ್ಬರಾಗಿ ಕರೆ, ಅಜ್ಜ-ಅಜ್ಜಿಗೆ ಮೊದಲು ಕೊಡು, ಖಾರದೆಣ್ಣೆ ಅವರಿಗೆ ಅರ್ಧ ಚಮಚ ಸಾಕು. ಇದನ್ನು ಸುರ್ ಎಂದು ಸದ್ದು ಮಾಡಿಯೇ ಎಳೆಯಬೇಕು, ಎಳೆಯುವಾಗ ಒಳಹೋಗುವ ಗಾಳಿಯಿಂದ ಎಳೆ ಆರುತ್ತದೆ, ಪರಿಮಳ ಮೂಗಿಗೆ ಏರುತ್ತದೆ ಅಂತ ಮೊದಲೇ ಹೇಳಿಬಿಡು. ಸದ್ದು ಮಾಡಿ ಉಣ್ಣಬೇಡ ಎಂದು ಜೀವಮಾನವಿಡೀ ಮಕ್ಕಳನ್ನು ಗದರಿದವರು ಅದನ್ನು ಮಾಡುವಾಗಿನ ಸಂತೋಷ ನೋಡುವಂಥದ್ದು. ರಕ್ತದೊತ್ತಡ ಇದ್ದವರಿಗೆ ಸಾರನ್ನು ಪೂರ್ತಿ ಕುಡಿಯಲು ಬಿಡಬೇಡ. ಬಟ್ಟಲಿಗೆ 5 ಗ್ರಾಂ ಉಪ್ಪು ಅಂದೆನಲ್ಲ, ಇಡೀ ದಿನಕ್ಕೆ ಹೇಳುವ ಮಿತಿಯೇ ಅಷ್ಟು. ಜಪಾನಿನಲ್ಲೂ ಬಹಳ ಮಂದಿ ಅರ್ಧ ಸಾರು ಬಿಟ್ಟೇ ಏಳುತ್ತಾರೆ.

ಉಳಿದ ಖಾರದೆಣ್ಣೆಯನ್ನು ಒಣ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡು, ಹೊರಗಿಡಬೇಡ. ಬೆಳ್ಳುಳ್ಳಿ ತಾಗಿದ ಎಣ್ಣೆಯನ್ನು ಹೊರಗೆ ಇಡುವುದು ಅಪಾಯ. ಬೇಗನೆ ಮುಗಿಸಬೇಕು. ತಾರೆ ಸೇರದ ಕೋಳಿ ಸಾರು ಉಳಿದರೆ ಫ್ರೀಜರಿಗೆ ಹೋಗಲಿ. ಮೀನಿನ ನೀರು ಮರುದಿನಕ್ಕೆ ಮೀರಿ ಇಡುವಂಥದ್ದಲ್ಲ, ಬೆಳಗಿನ ಪೇಜಕ್ಕೆ ಸುರಿದು ಮೇಲೆ ಒಂದು ಚಮಚ ಆ ಕೆಂಪೆಣ್ಣೆ ಬಿಟ್ಟುಕೊ. ಮತ್ತೆ, ಬರುವ ದಿನ ಶನಿವಾರವೇ ಇರಲಿ, ಸಂತೆ ತಪ್ಪಿದರೆ ಒಣಮೀನಿಗೆ ಒಂದು ವಾರ ಕಾಯಬೇಕು.